ಬಿಸಿಲೆ ಘಾಟಿಯಲ್ಲಿ ಒಂದೆಳೆ ತಂತಿ

ಬೆಂಗಳೂರಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಬಯಸುವವರಿಗೆ ದಾರಿಗಳ ಕೊರತೆಯಿಲ್ಲ. ರೈಲಿದೆ, ಬಸ್ಸಿದೆ, ಶಿರಾಡಿ ಘಾಟಿಯನ್ನಿಳಿಯುವ ಹೆದ್ದಾರಿಯಿದೆ. ಇವೆಲ್ಲವನ್ನೂ ಬಿಟ್ಟು, ಸಕಲೇಶಪುರದ ಬಳಿ ಎಡಕ್ಕೆ ಹೊರಳಿ, ಹೆತ್ತೂರು ವಣಗೂರುಗಳನ್ನು ಹಾಯ್ದು, ಬಿಸಿಲೆಯ ಕಾಡಿನೊಳಗಿಂದ ಸುತ್ತಿ ಸುತ್ತಿ ಇಳಿಯುವ ಕಿರುದಾರಿಯೂ ಒಂದಿದೆ. ಅವಸರದ ಕೆಲಸವಿದ್ದವರು ಆ ದಾರಿಯನ್ನು ಹಿಡಿಯುವುದಿಲ್ಲ; ಕಣ್ಣು ತುಂಬ ನೋಡಬೇಕೆಂಬ ಆಸೆಯಿದ್ದವರು ಹಿಡಿಯುತ್ತಾರೆ.

ಕಾರ್ತಿಕ ಮಾಸದ ಒಂದು ಶನಿವಾರ ಬೆಳಗಿನ ಜಾವದಲ್ಲಿ ಬಸವನಗುಡಿಯಿಂದ ಮೋಟಾರ್ ಸೈಕಲ್ ಏರಿ ಹೊರಟ ತರುಣ ದಂಪತಿಗಳು ಈ ಎರಡನೆಯ ಗುಂಪಿಗೆ ಸೇರಿದವರು. ಪತಿ ನಗರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವವನು. ಪತ್ನಿಯ ತವರು ಕುಮಾರಧಾರೆಯ ದಡದ ಒಂದು ಅಡಕೆಯ ತೋಟ. ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅಳಿಯ ಹೋಗಬೇಕಾದದ್ದು ಪದ್ಧತಿ. ಕಚೇರಿಯಲ್ಲಿ ರಜೆ ಸಿಕ್ಕದೆ ಆ ಪದ್ಧತಿಗೆ ಹದಿನೈದು ದಿನಗಳ ಭಂಗ ಬಂದಿತ್ತು. ಅದರ ಪ್ರಾಯಶ್ಚಿತ್ತವೆಂಬಂತೆ ಚೀಲದಲ್ಲಿ ಮಾವನವರಿಗಾಗಿ ಚಿಕ್ಕಪೇಟೆಯಲ್ಲಿ ಕೊಂಡ, ಹಿತ್ತಾಳೆಯ ಹಿಡಿಯ ಹೊಸ ಅಡಕತ್ತರಿಯೊಂದಿತ್ತು. ಮಾವನವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಹಿಂದಿನ ರಾತ್ರಿಯೇ ಅವರು ಫೋನಿನಲ್ಲಿ ಹೇಳಿದ್ದರು: “ಕತ್ತಲೆಯಾಗುವುದರೊಳಗೆ ಘಟ್ಟ ಇಳಿದುಬಿಡಿ.”

ಮೋಟಾರ್ ಸೈಕಲ್ಲಿನ ಹ್ಯಾಂಡಲಿಗೂ ಆ ದಿನ ಹೊಸ ಒಡವೆಯೊಂದು ಬಂದಿತ್ತು. ಅಂಗೈಯಗಲದ, ರಬ್ಬರಿನ ಕವಚ ತೊಟ್ಟ, ಮಳೆಗೆ ಅಂಜದ ಜಿಪಿಎಸ್ ಯಂತ್ರ ಅದು. ಉಪಗ್ರಹಗಳ ಸಂಕೇತಗಳನ್ನಾಲಿಸಿ, ಸವಾರನು ಭೂಮಿಯ ಮೇಲೆ ಎಲ್ಲಿದ್ದಾನೆಂಬುದನ್ನು ಕಂಡುಹಿಡಿದು, ಮುಂದಿನ ತಿರುವನ್ನು ಬಾಣದ ಗುರುತಿನಿಂದ ತೋರಿಸುವ ಯಂತ್ರ. ಅದರೊಳಗೆ ಸಣ್ಣದೊಂದು ಬ್ಯಾಟರಿ ಇದ್ದೇ ಇದೆ. ಆದರೆ ತೆರೆ ಬೆಳಗುತ್ತಿದ್ದರೆ ಅದು ಬೆಂಗಳೂರಿನಿಂದ ಸುಬ್ರಹ್ಮಣ್ಯದವರೆಗೆ ಸಾಲದು. ಆದುದರಿಂದ ಗಾಡಿಯ ವಿದ್ಯುತ್ತಿನಿಂದಲೇ ಅದಕ್ಕೂ ಒಂದು ಪಾಲು ಕೊಡಬೇಕಾಗುತ್ತದೆ.

ಆ ಪಾಲನ್ನು ಹಂಚಿಕೊಡುವ ಕೆಲಸವನ್ನು ನಗರದ ರಸ್ತೆಬದಿಯ ಕುಶಲಿಯೊಬ್ಬನು ಹತ್ತೇ ನಿಮಿಷಗಳಲ್ಲಿ ಮುಗಿಸಿದ್ದನು. ಸೀಟನ್ನು ಎತ್ತಿ, ಹಿಂದೀಪಕ್ಕೆ ಹೋಗುವ ತಂತಿಯ ಹೊದಿಕೆಯನ್ನು ಸುಲಿದು, ತನ್ನ ಕೆಂಪು ತಂತಿಯನ್ನು ಅದಕ್ಕೆ ಹೊಸೆದು, ಮೇಲೊಂದು ಟೇಪು ಸುತ್ತಿದನು. ಕಪ್ಪು ತಂತಿಯನ್ನು ಚೌಕಟ್ಟಿನ ತಿರುಪಿಗೆ ಬಿಗಿದನು. ಎರಡನ್ನೂ ಪೆಟ್ರೋಲ್ ಟ್ಯಾಂಕಿನ ಕೆಳಗಿನಿಂದ ಬಿಗಿಯಾಗಿ ಎಳೆದು ತಂದು ಹ್ಯಾಂಡಲಿನ ಮೇಲಿದ್ದ ಚಾರ್ಜಿಂಗ್ ಸಾಕೆಟ್ಟಿಗೆ ಕೂಡಿಸಿದನು. “ಕೀಲಿ ತಿರುಗಿಸಿದರೆ ಹತ್ತುತ್ತೆ, ತೆಗೆದರೆ ಆರುತ್ತೆ. ಇನ್ನೇನು ಬೇಕು ಸಾರ್?” ಎಂದನು.

ಪಕ್ಕದಲ್ಲಿ ನಿಂತಿದ್ದ ಪತ್ನಿ ಲೈನ್‌ಮನ್ನರ ಮಗಳು. “ಇದಕ್ಕೆ ಬೇರೆ ಫ್ಯೂಸ್ ಬೇಡವೇ?” ಎಂದು ಕೇಳಿದಳು.

“ಗಾಡಿಗೇ ಒಂದು ಇದೆಯಲ್ಲಮ್ಮ” ಎಂದು ಅವನು ನಕ್ಕನು. ಪತಿಯೂ ನಕ್ಕನು. ಮಾತು ಅಲ್ಲಿಗೆ ಮುಗಿಯಿತು.

ನೆಲಮಂಗಲ ದಾಟಿದ ಮೇಲೆ ಬೆಳಕು ಹರಿಯಿತು. ಕುಣಿಗಲ್ಲಿನ ಕೆರೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಎಡೆಯೂರು ಬಂದಿತು, ಬೆಳ್ಳೂರು ಕ್ರಾಸ್ ಬಂದಿತು. ಹೆದ್ದಾರಿ ಬಾಣದಂತೆ ನೇರ. ಯಂತ್ರಕ್ಕೆ ಹೇಳುವುದಕ್ಕೇನೂ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ದಾರಿ ಬಿಟ್ಟು ಶ್ರವಣಬೆಳಗೊಳಕ್ಕೆ ಹೋಗಿ, ವಿಂಧ್ಯಗಿರಿಯ ಮೆಟ್ಟಿಲುಗಳನ್ನೇರಿ, 57 ಅಡಿಯೆತ್ತರದ ಗೊಮ್ಮಟನ ಪಾದದ ಬಳಿ ಅವರು ಬಹಳ ಹೊತ್ತು ಕುಳಿತರು. ಸಾವಿರ ವರ್ಷಗಳಿಂದ ಆ ಮೂರ್ತಿ ಅಲ್ಲಿ ನಿಂತಿದೆ. ಹಿಂದಿನ ಕಾಲದ ದಾರಿಗನಿಗೆ ದಿಕ್ಕು ತಪ್ಪದಂತೆ ನೋಡಿಕೊಂಡದ್ದು ಹಲವು ಮೈಲಿಗಳಾಚೆಯಿಂದಲೇ ಕಾಣುವ ಇಂತಹ ಗುರುತುಗಳೇ. ಒಂದು ಬೆಟ್ಟ, ಒಂದು ಗೋಪುರ, ಒಂದು ಒಂಟಿ ಆಲದ ಮರ. ಅದಾವುದೂ ಕಾಣದಿದ್ದರೆ ಎದುರಿಗೆ ಬಂದ ಮನುಷ್ಯನನ್ನು ಕೇಳುವುದು.

ಈಗಿನ ಯಂತ್ರದ ಗುರುತುಗಳು ಕಣ್ಣಿಗೆ ಕಾಣುವಂಥವಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ವ್ಯವಸ್ಥೆಯ ಉಪಗ್ರಹಗಳು ಸುತ್ತುತ್ತಿವೆ. ಒಂದೊಂದರಲ್ಲಿಯೂ ಪರಮಾಣು ಗಡಿಯಾರಗಳಿವೆ. “ನಾನು ಇಂಥ ಉಪಗ್ರಹ, ಇಂಥಲ್ಲಿದ್ದೇನೆ, ಈಗ ಗಂಟೆ ಇಷ್ಟು” ಎಂದು ಅವು ಅವಿಶ್ರಾಂತವಾಗಿ ಸಾರುತ್ತಿರುತ್ತವೆ. ಆ ಸಂಕೇತ ನೆಲ ಮುಟ್ಟಲು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಪಾಲು ಹಿಡಿಯುತ್ತದೆ. ಹ್ಯಾಂಡಲಿನ ಮೇಲಿನ ಯಂತ್ರ ಆಕಾಶಕ್ಕೆ ಏನನ್ನೂ ಹೇಳುವುದಿಲ್ಲ. ಮನೆಯ ರೇಡಿಯೋದಂತೆ ಕೇಳುವುದಷ್ಟೇ ಅದರ ಕೆಲಸ. ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ಎಷ್ಟೆಷ್ಟು ತಡವಾಗಿ ಬಂದಿತೆಂಬುದರಿಂದ ತಾನಿರುವ ಸ್ಥಳವನ್ನು ಲೆಕ್ಕಹಾಕುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. 1995ರಲ್ಲಿ ಅಮೆರಿಕ ಈ ವ್ಯವಸ್ಥೆ ಪೂರ್ಣವಾಯಿತೆಂದು ಘೋಷಿಸಿತು. ಆದರೂ ನಾಗರಿಕರ ಪಾಲಿನ ಸಂಕೇತದಲ್ಲಿ ಬೇಕೆಂದೇ ಒಂದಿಷ್ಟು ತಪ್ಪನ್ನು ಬೆರೆಸುತ್ತಿದ್ದಿತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ಸಾಮಾನ್ಯ ಸವಾರನಿಗೂ ತಿರುವು ತಿರುವಿನ ಲೆಕ್ಕ ಸಿಕ್ಕಿತು.

ಈ ಆಕಾಶವಿದ್ಯೆಗೂ ಆ ದಂಪತಿಗಳು ಹಿಡಿದಿದ್ದ ದಾರಿಗೂ ನಂಟಿದೆ. ಅವರು ಮಧ್ಯಾಹ್ನದ ಊಟಕ್ಕೆ ನಿಂತ ಹಾಸನದಲ್ಲಿಯೇ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಸ್ಥಾಪನೆಯಾದ ಆ ಕೇಂದ್ರದಿಂದಲೇ ನಮ್ಮ ದೇಶದ ಭೂಸ್ಥಿರ ಉಪಗ್ರಹಗಳ ಯೋಗಕ್ಷೇಮ ನಡೆಯುತ್ತದೆ. ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿ 2013ರಲ್ಲಿ ಸಂಚರಣ ಕೇಂದ್ರವೊಂದು ಆರಂಭವಾಯಿತು. 2016ರ ಏಪ್ರಿಲ್ 28ರಂದು ಏಳನೆಯ ಉಪಗ್ರಹ ಮೇಲೇರಿದಾಗ ನಮ್ಮದೇ ಮಾರ್ಗದರ್ಶಕ ವ್ಯವಸ್ಥೆಗೆ ‘ನಾವಿಕ್’ ಎಂಬ ಹೆಸರಾಯಿತು. ಬಳಿಕ ಕೆಲವು ಉಪಗ್ರಹಗಳಲ್ಲಿ ಪರದೇಶದಿಂದ ತಂದ ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ಸ್ವದೇಶಿ ಪರಮಾಣು ಗಡಿಯಾರವೇ ಕುಳಿತಿತು. 2025ರ ಜನವರಿ 29ರಂದು ಅದರ ತಂಗಿಯಂತಿದ್ದ ಇನ್ನೊಂದು ಉಪಗ್ರಹ ಹಾರಿದಾಗ ರಾಕೆಟ್ಟು ತನ್ನ ಕೆಲಸವನ್ನು ನಿರ್ದುಷ್ಟವಾಗಿ ಮಾಡಿತು. ಆದರೆ ಉಪಗ್ರಹದೊಳಗಿನ ಕವಾಟ ತೆರೆಯದೆ ಅದು ಸೇರಬೇಕಾಗಿದ್ದ ಕಕ್ಷೆಯನ್ನು ಸೇರಲಿಲ್ಲ. ದೊಡ್ಡ ಕೆಲಸಗಳೂ ಕೊನೆಗೆ ಸಣ್ಣ ಕೀಲೊಂದರ ಮೇಲೆ ನಿಂತಿರುತ್ತವೆ.

ಊಟದ ಮನೆಯ ಮುಂದೆ ಗಾಡಿಯನ್ನು ನಿಲ್ಲಿಸಲು ಪತಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದನು. ಆಗ ಯಂತ್ರದ ತೆರೆಯ ಮೇಲೆ, ಹೊರಗಿನ ವಿದ್ಯುತ್ತು ನಿಂತಿದೆಯೆಂಬ ಒಕ್ಕಣೆ ಮೂಡಿ, ಮರುಕ್ಷಣವೇ ಮಾಯವಾಯಿತು.

“ಹೊಸ ಯಂತ್ರ ನೋಡು, ಈಗಲೇ ತೊದಲುತ್ತಿದೆ” ಎಂದು ಅವನು ಬೇಸರಪಟ್ಟನು.

“ಬೆಳಗೊಳದಲ್ಲಿಯೂ ಹೀಗೇ ಆಯಿತು. ನೀವು ಎಡಕ್ಕೆ ತಿರುಗಿಸಿದಾಗ ಮಾತ್ರ ಆಗುತ್ತದೆ” ಎಂದಳು ಅವಳು.

ಅವನು ತಲೆದೂಗಿದನು, ಆದರೆ ಹಸಿವು ದೊಡ್ಡದಾಗಿತ್ತು. ಸುಸೂತ್ರವಾಗಿ ನಡೆಯುತ್ತಿರುವಾಗ ಸಣ್ಣ ಸೂಚನೆಗಳಿಗೆ ಕಿವಿಗೊಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಗಿದೆ?

ಸಕಲೇಶಪುರದಲ್ಲಿ ಹೇಮಾವತಿಯನ್ನು ಕಂಡಾಗ ಮೂರು ಗಂಟೆಯಾಗಿತ್ತು. ಅಲ್ಲಿಂದ ಮುಂದೆ ದೇಶವೇ ಬೇರೆ. ಬಯಲುಸೀಮೆಯ ಹಳದಿ ಹೋಗಿ ಕಣ್ಣಿನ ಎರಡು ಕಡೆಗೂ ಹಸುರು ತುಂಬಿತು. ಸಿಲ್ವರ್ ಓಕ್ ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳು, ಅವುಗಳ ನೆರಳಲ್ಲಿ ಅಲ್ಲೊಂದು ಇಲ್ಲೊಂದು ಕೆಂಪಾಗತೊಡಗಿದ್ದ ಕಾಫಿಯ ಹಣ್ಣುಗಳು, ಇಳುಕಲಿನ ತಂಪಿನಲ್ಲಿ ಏಲಕ್ಕಿಯ ಮೆಳೆಗಳು. ಹೆತ್ತೂರು ದಾಟಿದ ಮೇಲೆ ಕಿಸೆಯ ಫೋನು ಮೂಕವಾಯಿತು. ಹ್ಯಾಂಡಲಿನ ಯಂತ್ರ ಮಾತ್ರ ನಿಶ್ಚಿಂತೆಯಾಗಿ ದಾರಿ ತೋರುತ್ತಿದ್ದಿತು. ಅದಕ್ಕೆ ಫೋನಿನ ಗೋಪುರಗಳ ಹಂಗಿಲ್ಲ. ಭೂಪಟವೆಲ್ಲ ಅದರ ಹೊಟ್ಟೆಯೊಳಗೆಯೇ ಇರುತ್ತದೆ, ಬೇಕಾದದ್ದು ತೆರೆದ ಆಕಾಶ ಮಾತ್ರ. ಮರಗಳು ಮೇಲೆ ಒತ್ತಾಗಿ ಕೂಡಿಕೊಂಡಲ್ಲಿ ಬಾಣದ ಗುರುತು ಒಂದಿಷ್ಟು ತಡವರಿಸಿ, ಮತ್ತೆ ಸರಿಹೋಗುತ್ತಿದ್ದಿತು.

ಬಿಸಿಲೆಯ ನೋಟದ ತಾಣದಲ್ಲಿ ನಿಂತವನಿಗೆ ಮಾತು ಹೊರಡುವುದು ಕಷ್ಟ. ಕಾಲ ಕೆಳಗೆ ಒಮ್ಮೆಗೇ ನೆಲವೆಂಬುದು ಮುಗಿಯುತ್ತದೆ. ಎದುರಿಗೆ ಪಶ್ಚಿಮ ಘಟ್ಟದ ಸಾಲುಗಳು ಒಂದರ ಹಿಂದೊಂದು ನೀಲಿ ಕಟ್ಟಿ ನಿಂತಿರುತ್ತವೆ. ಅವುಗಳ ನಡುವೆ 1,712 ಮೀಟರ್ ಎತ್ತರದ ಕುಮಾರಪರ್ವತ ಹಿರಿಯನಂತೆ ತಲೆಯೆತ್ತಿರುತ್ತದೆ. ಈ ಘಟ್ಟದ ನೆತ್ತಿಯ ಮೇಲೆ ಬೀಳುವ ಮಳೆಗೂ ಒಂದು ಕವಲುದಾರಿಯಿದೆ. ಪೂರ್ವಕ್ಕೆ ಹರಿದ ಹನಿ ಹೇಮಾವತಿಯನ್ನು ಸೇರಿ, ಕಾವೇರಿಯ ಜೊತೆಯಲ್ಲಿ ಬಂಗಾಳ ಕೊಲ್ಲಿಯನ್ನು ಕಾಣುತ್ತದೆ. ಪಶ್ಚಿಮಕ್ಕೆ ಜಾರಿದ್ದು ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಯಾವ ಯಂತ್ರದ ಸಹಾಯವೂ ಇಲ್ಲದೆ ನೀರು ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ.

ಮಂಜು ಸರಿದು ಶಿಖರ ಕಾಣಲೆಂದು ಅವರು ಕಾದರು. ಶಿಖರ ಕಂಡಿತು; ಆದರೆ ಹೊತ್ತೂ ಇಳಿದಿತ್ತು. ಅವರು ಹೊರಟಾಗ ಹಿಂಗಾರಿನ ಸಣ್ಣ ಮಳೆಯೊಂದು ಹನಿಯತೊಡಗಿತು.

ಹೆದ್ದಾರಿಗೂ ಘಾಟಿಗೂ ಇರುವ ದೊಡ್ಡ ಅಂತರವನ್ನು ಮೊದಲು ಅರಿಯುವುದು ಗಾಡಿಯ ಕುತ್ತಿಗೆ. ಬೆಂಗಳೂರಿನಿಂದ ಹಾಸನದವರೆಗಿನ ದಾರಿಯಲ್ಲಿ ಹ್ಯಾಂಡಲು ಪೂರ್ತಿ ತಿರುಗಿದ್ದು ನಾಲ್ಕಾರು ಸಲವಿದ್ದೀತು. ಘಾಟಿಯ ಕಡಿದಾದ ತಿರುವುಗಳಲ್ಲಿ, ಎದುರು ವಾಹನಕ್ಕೆ ದಾರಿಬಿಟ್ಟು ಅಂಚಿಗೆ ಸರಿಯುವಾಗ, ಅದು ಈ ತುದಿಯಿಂದ ಆ ತುದಿಗೆ ಮತ್ತೆ ಮತ್ತೆ ತಿರುಗಬೇಕು. ಬಿಗಿಯಾಗಿ ಎಳೆದು ಕಟ್ಟಿದ್ದ ಆ ಕೆಂಪು ತಂತಿ ಪ್ರತಿಯೊಂದು ತಿರುವಿನಲ್ಲಿಯೂ ಹ್ಯಾಂಡಲಿನ ಕಂಬಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿ, ಅಡಕತ್ತರಿಯ ಬಾಯಲ್ಲಿ ಸಿಕ್ಕಿದ ಹೋಳಿನಂತೆ ನಲುಗುತ್ತಿದ್ದಿತು. ಮೊದಲು ಒಳಗಿನ ಎಳೆಗಳು ಒಂದೊಂದಾಗಿ ಕಡಿದಿದ್ದವು. ಯಂತ್ರ ತೊದಲಿದ್ದು ಆಗ. ಈಗ ಹೊದಿಕೆಯೂ ಹರಿಯಿತು.

ಒಂದು ಎಡತಿರುವಿನ ನಡುಮಧ್ಯದಲ್ಲಿ ‘ಟಪ್’ ಎಂಬ ಸದ್ದೂ ಇಲ್ಲದೆ ಇಂಜಿನು ನಿಂತುಹೋಯಿತು. ಮುಂದೀಪ ಆರಿತು. ಹಾರನ್ನು ಸತ್ತಿತು. ಹಿಂದೀಪವೂ ಇಲ್ಲ. ಗಾಡಿ ತನ್ನ ಭಾರಕ್ಕೆ ಹತ್ತು ಮಾರು ಉರುಳಿ, ಬಂಡೆಯ ಬದಿಗೆ ಬಂದು ನಿಂತಿತು. ಅಷ್ಟು ಹೊತ್ತೂ ಇಂಜಿನಿನ ಸದ್ದಿನಲ್ಲಿ ಮುಚ್ಚಿಹೋಗಿದ್ದ ಕಾಡಿನ ಜೀರುಂಡೆಗಳ ದನಿ ನಾಲ್ಕು ಕಡೆಯಿಂದಲೂ ಒಮ್ಮೆಗೇ ಕಿವಿಗೆ ತುಂಬಿತು.

ಆ ಕತ್ತಲಲ್ಲಿ ಬೆಳಗುತ್ತಿದ್ದದ್ದು ಒಂದೇ. ಹ್ಯಾಂಡಲಿನ ಮೇಲಿನ ಯಂತ್ರ ತನ್ನ ಒಳಗಿನ ಬ್ಯಾಟರಿಯ ಬಲದಿಂದ ಏನೂ ಆಗದಂತೆ ಉರಿಯುತ್ತಿದ್ದಿತು. ಅಕ್ಷಾಂಶ ರೇಖಾಂಶಗಳೆರಡನ್ನೂ ಅದು ಕರಾರುವಾಕ್ಕಾಗಿ ತೋರಿಸುತ್ತಿದ್ದಿತು. ತಾವೆಲ್ಲಿದ್ದೇವೆಂಬುದು ಅವರಿಗೆ ಮಾರುದ್ದದ ನಿಖರತೆಯಲ್ಲಿ ತಿಳಿದಿತ್ತು. ಅಲ್ಲಿಂದ ಹೊರಡುವ ಬಗೆ ಮಾತ್ರ ತಿಳಿದಿರಲಿಲ್ಲ.

ಆ ಗಾಡಿಯ ಇಡೀ ವಿದ್ಯುತ್ತಿಗೆ ಕಾವಲಿದ್ದದ್ದು ಒಂದೇ ಫ್ಯೂಸು. 15 ಆಂಪಿಯರಿನ ನೀಲಿ ಬಣ್ಣದ್ದು. ಪಕ್ಕದ ಮುಚ್ಚಳ ತೆಗೆದು ನೋಡಿದರೆ ಅದರೊಳಗಿನ ಎಳೆ ಕರಗಿಹೋಗಿದ್ದಿತು. ಅದೇ ಪೆಟ್ಟಿಗೆಯಲ್ಲಿ ತಯಾರಕರು ಇಟ್ಟಿದ್ದ ಬದಲಿ ಫ್ಯೂಸು ಒಂದಿತ್ತು, ಒಂದೇ ಒಂದು. ಪತಿ ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಹಿಂದಿನ ತಿರುವಿನಿಂದ ಬಾಳೆಗೊನೆ ತುಂಬಿದ ಜೀಪೊಂದು ಇಳಿದುಬಂದು ನಿಂತಿತು.

“ಸಾರ್, ಇಲ್ಲಿ ನಿಲ್ಲಬೇಡಿ. ಆನೆ ದಾಟೋ ಜಾಗ ಇದು” ಎಂದನು ಚಾಲಕ. ಫ್ಯೂಸನ್ನು ಕಂಡು, “ಹಾಕಿ ನೋಡಿ ಬೇಗ. ಹತ್ತಿದರೆ ಹೊರಟುಬಿಡಿ” ಎಂದನು.

“ಹಾಕಬೇಡಿ” ಎಂದಳು ಅವಳು. ದನಿ ಜೋರಾಗಿರಲಿಲ್ಲ, ಆದರೆ ಅದರಲ್ಲಿ ಅವಳ ತಂದೆಯ ದನಿಯಿತ್ತು. “ಇರುವುದು ಒಂದೇ. ಮೊದಲಿನದು ಯಾಕೆ ಸುಟ್ಟಿತು ಅಂತ ಗೊತ್ತಾಗುವವರೆಗೆ ಎರಡನೆಯದನ್ನು ಹಾಕಬಾರದು.”

ಫ್ಯೂಸು ಸುಡುವುದು ರೋಗವಲ್ಲ, ರೋಗದ ಲಕ್ಷಣ. ತಂತಿ ಚೌಕಟ್ಟನ್ನು ಮುಟ್ಟಿಕೊಂಡೇ ಇರುವಾಗ ಎರಡನೆಯ ಫ್ಯೂಸನ್ನು ಹಾಕಿದ್ದರೆ ಕೀಲಿ ತಿರುಗಿಸಿದ ಕ್ಷಣದಲ್ಲಿಯೇ ಅದೂ ಕರಗಿ, ರಾತ್ರಿಯಿಡೀ ಗಾಡಿಯನ್ನು ಕಾಡಿಗೆ ಒಪ್ಪಿಸಬೇಕಾಗುತ್ತಿದ್ದಿತು. ಕೆಲವರು ಇಂಥ ಸಮಯದಲ್ಲಿ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಸುತ್ತಿ ಸಿಕ್ಕಿಸುವುದುಂಟು. ಆಗ ಕರಗುವುದು ಫ್ಯೂಸಲ್ಲ, ತಂತಿ. ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ.

ಅವಳು ಯಂತ್ರವನ್ನು ಹಿಡಿಕೆಯಿಂದ ಬಿಡಿಸಿಕೊಂಡು, ಅದರ ಬೆಳಕನ್ನೇ ದೀಪವಾಗಿ ಹಿಡಿದಳು. ಹಾಸನದಲ್ಲಿ ಕಂಡದ್ದು ಅವಳಿಗೆ ಮರೆತಿರಲಿಲ್ಲ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಕುತ್ತಿಗೆಯ ಬಳಿ ನೋಡಿದರೆ, ಕೆಂಪು ಹೊದಿಕೆಯ ಸೀಳಿನಿಂದ ತಾಮ್ರದ ಎಳೆಗಳು ಹೊರಗೆ ಚಾಚಿ, ಬಣ್ಣ ಕಿತ್ತುಹೋದ ಕಬ್ಬಿಣಕ್ಕೆ ಒತ್ತಿಕೊಂಡಿದ್ದವು. ಸುತ್ತಲೂ ಕಪ್ಪಾದ ಕಲೆ.

ಅದನ್ನು ಸೀಟಿನ ಕೆಳಗೆ, ಕವಲೊಡೆದ ಜಾಗದಲ್ಲಿಯೇ ಕತ್ತರಿಸಬೇಕಾಗಿತ್ತು. ಗಾಡಿಯ ಉಪಕರಣಗಳಲ್ಲಿ ಸ್ಪ್ಯಾನರಿತ್ತು, ತಿರುಪುಳಿಯಿತ್ತು. ಕತ್ತರಿಸುವಂಥದು ಏನೂ ಇರಲಿಲ್ಲ. ಜೀಪಿನಲ್ಲಿದ್ದದ್ದು ಮಾರುದ್ದದ ಕತ್ತಿ. ಒಂದು ಕ್ಷಣ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಆಮೇಲೆ ಅವನು ಚೀಲವನ್ನು ಬಿಚ್ಚಿ ಮಾವನವರ ಅಡಕತ್ತರಿಯನ್ನು ಹೊರತೆಗೆದನು. ಕೀಲಿ ತೆಗೆದಿದೆಯೆಂದು ಎರಡು ಸಲ ನೋಡಿಕೊಂಡು ತಂತಿಯನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಬದಲಿ ಫ್ಯೂಸನ್ನು ಕೂರಿಸಿದನು. ಕೀಲಿ ತಿರುಗಿಸಿದಾಗ ಬೆಳಕು ಬಂದಿತು. ಗುಂಡಿಯೊತ್ತಿದಾಗ ಇಂಜಿನು ಗುಡುಗಿತು. ಜೀಪಿನವನು, “ನೀವು ಮುಂದೆ ಹೋಗಿ ಸಾರ್, ನಾನು ಹಿಂದೆ ಇರ್ತೀನಿ” ಎಂದು ಕುಲ್ಕುಂದದವರೆಗೂ ತನ್ನ ದೀಪದ ಬೆಳಕನ್ನು ಅವರ ದಾರಿಗೆ ಚೆಲ್ಲುತ್ತ ಬಂದನು. ಯಂತ್ರ ಅಷ್ಟರಲ್ಲಿ ಆರಿಹೋಗಿದ್ದಿತು. “ಇಲ್ಲಿಂದ ಮುಂದೆ ನನಗೆ ಗೊತ್ತು” ಎಂದಳು ಅವಳು.

ಮಾವನವರು ಟಾರ್ಚು ಹಿಡಿದು ತೋಟದ ಉಣುಗೋಲಿನ ಬಳಿಯೇ ನಿಂತಿದ್ದರು. ಆ ರಾತ್ರಿ ಅವರು ಏನನ್ನೂ ಕೇಳಲಿಲ್ಲ. ಬಿಸಿನೀರು ತೋರಿಸಿದರು, ಊಟಕ್ಕೆ ಎಬ್ಬಿಸಿದರು. ಬೆಳಿಗ್ಗೆ ಅಳಿಯ ಎದ್ದುಬರುವಷ್ಟರಲ್ಲಿ ಅಂಗಳದಲ್ಲಿ ಗಾಡಿಯ ಸೀಟು ಕಳಚಿತ್ತು. ಮಾವನವರ ಕೈಯಲ್ಲಿ ಆ ಸುಟ್ಟ ತಂತಿಯಿತ್ತು.

“ಬೆಂಕಿ ಹತ್ತದೆ ಉಳಿದದ್ದೇ ಪುಣ್ಯ ಮಾರಾಯರೇ” ಎಂದರು ಅವರು. “ಗಾಡಿಯ ವಿದ್ಯುತ್ತು ಅಂದರೆ ಸಂಸಾರದ ಹಾಗೆ. ಆದಾಯ ಎಷ್ಟು, ಖರ್ಚು ಎಷ್ಟು, ಉಳಿತಾಯ ಎಷ್ಟು ಅಂತ ನೋಡಿಯೇ ಹೊಸಬರನ್ನು ಮನೆಗೆ ಸೇರಿಸಬೇಕು.”

ಅವರ ಲೆಕ್ಕ ಸರಳವಾಗಿದ್ದಿತು. ಇಂಜಿನಿನ ದಂಡದ ತುದಿಯಲ್ಲಿ ಆಯಸ್ಕಾಂತ ಸುತ್ತುತ್ತದೆ. ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ, 14 ವೋಲ್ಟಿನ ಆಸುಪಾಸಿನಲ್ಲಿ ಹತೋಟಿಯಲ್ಲಿಡುವ ಸಣ್ಣ ಪೆಟ್ಟಿಗೆಯೊಂದಿದೆ. ಇದು ಆದಾಯ. 12 ವೋಲ್ಟಿನ ಬ್ಯಾಟರಿ ಉಳಿತಾಯದ ಖಾತೆ. ಸ್ಟಾರ್ಟರಿನ ಗುಂಡಿಯೊತ್ತಿದಾಗ ಅದರಿಂದಲೇ ದೊಡ್ಡ ಮೊತ್ತ ತೆಗೆಯಬೇಕು. ಖರ್ಚಿನಲ್ಲಿ ದೊಡ್ಡದು ಮುಂದೀಪ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಇಂಜಿನು ಓಡುವಷ್ಟು ಕಾಲವೂ ಅದು ಉರಿಯಲೇಬೇಕು. ದಾರಿ ತೋರುವ ಯಂತ್ರ ಕೇಳುವುದು 5 ವೋಲ್ಟಿನಲ್ಲಿ ಹೆಚ್ಚೆಂದರೆ 2 ಆಂಪಿಯರ್, ಅಂದರೆ 10 ವ್ಯಾಟ್. ಪರಿವರ್ತಕದ ಸೋರಿಕೆಯನ್ನೂ ಸೇರಿಸಿದರೆ ಗಾಡಿಯ ಕಡೆಯಿಂದ ಒಂದು ಆಂಪಿಯರಿಗೂ ಕಡಮೆ. ಈ ಅತಿಥಿ ಬಡಪಾಯಿ, ಹೊರೆಯಲ್ಲ.

“ಹಾಗಾದರೆ ತಪ್ಪಾದದ್ದೆಲ್ಲಿ?” ಎಂದು ಅಳಿಯ ಕೇಳಿದನು.

“ಒಂದು ಆಂಪಿಯರ್ ಹರಿಯುವ ತಂತಿಗೆ ಹದಿನೈದು ಆಂಪಿಯರಿನ ಕಾವಲು. ಇಲಿ ಬಂದರೆ ಬಾಗಿಲು ತೆಗೆದೇ ಇರುತ್ತದೆ. ಅತಿಥಿ ಎಡವಿದರೆ ಮನೆಯೇ ಬಿತ್ತು. ಅತಿಥಿಗೆ ಅವನದೇ ಫ್ಯೂಸು ಬೇಕು; ಅವನು ಎಡವಿದರೆ ಅವನೊಬ್ಬನೇ ಬೀಳಬೇಕು.”

ಅವರು ಮಾಡಿದ ಕೆಲಸಕ್ಕೆ ಬೆಳಗಿನ ಎರಡು ಗಂಟೆ ಹಿಡಿಯಿತು. ಬ್ಯಾಟರಿಯ ಧನಾಗ್ರದಿಂದ ಹೊಸ ತಂತಿಯೊಂದನ್ನು ತೆಗೆದು, ಗೇಣುದ್ದದೊಳಗೆಯೇ 2 ಆಂಪಿಯರಿನ ಬೂದು ಬಣ್ಣದ ಫ್ಯೂಸನ್ನು ಕೂರಿಸಿದರು. ಕಾವಲುಗಾರ ಬಾಗಿಲಲ್ಲಿರಬೇಕು, ಹಿತ್ತಿಲಲ್ಲಲ್ಲ. ಹಳೆಯ ತಗಡಿನ ಪೆಟ್ಟಿಗೆಯಿಂದ ಜೀಪಿನ ರಿಲೇ ಒಂದನ್ನು ಹುಡುಕಿ ತೆಗೆದರು. ಹಿಂದೀಪದ ತಂತಿಗೆ ಈಗ ಯಂತ್ರದ ಹೊರೆಯಿಲ್ಲ. ರಿಲೇಯ ಸುರುಳಿಯನ್ನು ಎಚ್ಚರಿಸುವುದಷ್ಟೇ ಅದರ ಕೆಲಸ. ಸುರುಳಿ ಎಚ್ಚೆತ್ತರೆ ಬ್ಯಾಟರಿಯಿಂದ ಬರುವ ದಾರಿ ಕೂಡುತ್ತದೆ. ಕೀಲಿ ತೆಗೆದರೆ ದಾರಿ ಕಡಿಯುತ್ತದೆ. ನೇರವಾಗಿ ಬ್ಯಾಟರಿಗೆ ಕಟ್ಟಿಬಿಡುವವರೂ ಇದ್ದಾರೆ. ಯಂತ್ರವನ್ನು ತೆಗೆದಿಟ್ಟಾಗಲೂ ಅಂಥ ಸಾಕೆಟ್ಟು ಗುಟ್ಟಾಗಿ 20 ಮಿಲಿಆಂಪಿಯರಿನಷ್ಟು ಕುಡಿಯುತ್ತಿದ್ದರೆ, 8 ಆಂಪಿಯರ್-ಅವರಿನ ಬ್ಯಾಟರಿ ಹದಿನೇಳು ದಿನಗಳಲ್ಲಿ ಬರಿದು. ಸ್ಟಾರ್ಟರಿಗೆ ಸಾಲದಾಗುವುದು ಅದಕ್ಕೂ ಬಹಳ ಮೊದಲೇ.

ಅಳಿಯ, ಪರಿವರ್ತಕವನ್ನೂ ಸೀಟಿನ ಕೆಳಗೇ ಇಟ್ಟರೆ ಮಳೆಗೆ ಮರೆಯಾದೀತಲ್ಲವೇ ಎಂದನು. ಮಾವನವರು ತಲೆಯಲ್ಲಾಡಿಸಿದರು. 5 ವೋಲ್ಟನ್ನು ತೆಳುವಾದ ತಂತಿಯಲ್ಲಿ ದೂರ ಕಳುಹಿಸಿದರೆ ದಾರಿಯಲ್ಲಿಯೇ ಅರ್ಧ ವೋಲ್ಟು ಸೋರೀತು. ಯಂತ್ರ ಹಸಿದುಕೊಂಡೇ ಇದ್ದೀತು. ಹನ್ನೆರಡಕ್ಕೆ ಅರ್ಧ ಹೋದರೆ ಚಿಂತೆಯಿಲ್ಲ, ಐದಕ್ಕೆ ಅರ್ಧ ಹೋದರೆ ಕಷ್ಟ. ಆದುದರಿಂದ ಪರಿವರ್ತಕ ಹ್ಯಾಂಡಲಿನಲ್ಲಿಯೇ ಉಳಿಯಿತು, ಮಳೆಗೆ ರಬ್ಬರಿನ ಟೋಪಿ ತೊಟ್ಟು. ಕೂಡುಗಳನ್ನು ಅವರು ಬೆಸುಗೆ ಹಾಕಲಿಲ್ಲ. ಇಂಜಿನಿನ ನಡುಕಕ್ಕೆ ಬೆಸುಗೆಯ ಅಂಚಿನಲ್ಲಿ ತಂತಿ ಸೆಡೆತು ಮುರಿಯುತ್ತದೆಂದು ಹೇಳಿ, ಒತ್ತುಕೂಡು ಹಾಕಿ, ಮೇಲೆ ಕುಗ್ಗುವ ಕೊಳವೆಯನ್ನು ತೊಡಿಸಿದರು.

ಕುತ್ತಿಗೆಯ ಬಳಿ ಮಾತ್ರ ಅವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕುಳಿತರು. ತಂತಿಗೆ ರಬ್ಬರಿನ ತೋಳು ತೊಡಿಸಿ, ಸಡಿಲವಾದ ಒಂದು ಬಳುಕು ಬಿಟ್ಟು, ಹ್ಯಾಂಡಲನ್ನು ಎಡಗೊನೆಗೆ ತಿರುಗಿಸಿದರು, ಬಲಗೊನೆಗೆ ತಿರುಗಿಸಿದರು, ಮತ್ತೆ ಎಡಕ್ಕೆ. ಎಲ್ಲಿಯೂ ಬಿಗಿಯಲಿಲ್ಲ, ಎಲ್ಲಿಯೂ ಸಿಕ್ಕಲಿಲ್ಲ. “ಕಂಬದಿಂದ ಕಂಬಕ್ಕೆ ತಂತಿ ಎಳೆಯುವಾಗಲೂ ಇಷ್ಟು ಜೋಲು ಬಿಡುತ್ತಿದ್ದೆವು” ಎಂದರು. “ಬಿಗಿದು ಕಟ್ಟಿದ್ದು ನೋಡಲು ಚೆಂದ. ಚಳಿಗೆ ಕುಗ್ಗಿದಾಗ ಕಡಿಯುತ್ತದೆ.”

ಮಧ್ಯಾಹ್ನ ಊಟವಾದ ಮೇಲೆ ಮಗಳು ಹೆದರುತ್ತಲೇ ಅಡಕತ್ತರಿಯನ್ನು ತಂದೆಯ ಮುಂದೆ ಇಟ್ಟಳು. ಬಾಯಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಬಿದ್ದಿತ್ತು. ಬೇರೆಯದನ್ನು ತಂದುಕೊಡುವುದಾಗಿ ಅಳಿಯ ಹೇಳಿದನು. ಮಾವನವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅಡಕೆಯೊಂದನ್ನು ಇಟ್ಟು ಅಮುಕಿದರು. ಅದು ಎರಡು ಹೋಳಾಯಿತು.

“ಕತ್ತರಿಸುತ್ತದಲ್ಲ” ಎಂದು ಹೇಳಿ ಅದನ್ನು ತಮ್ಮ ವೀಳ್ಯದ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಸೋಮವಾರ ಬೆಳಿಗ್ಗೆ ಬಿಸಿಲೆಯ ಘಾಟಿಯನ್ನು ಏರುವಾಗ ಆಕಾಶ ತಿಳಿಯಾಗಿದ್ದಿತು. ಗಾಡಿ ಕೆಟ್ಟಿದ್ದ ತಿರುವಿನಲ್ಲಿ, ಈಗ ಹಗಲಿನ ಬೆಳಕಿನಲ್ಲಿ, ರಸ್ತೆಯ ಅಂಚಿನ ಮಣ್ಣಿನ ಮೇಲೆ ಆನೆಯ ಹೆಜ್ಜೆಗಳು ಮೊರದಗಲ ಮೂಡಿದ್ದವು. ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಮಾತಾಡಲಿಲ್ಲ. ಅವನು ಹ್ಯಾಂಡಲನ್ನು ಕೊನೆಯವರೆಗೂ ತಿರುಗಿಸಿ ತಿರುವನ್ನು ಏರಿದನು. ಯಂತ್ರದ ತೆರೆ ಮಿನುಗಲಿಲ್ಲ.